ಹತ್ತಿ ಸವರಿಯ ಹೆಂಡತಿ

ಗಾಳವನ್ನು ಯಾರು ಬೇಕಾದರೂ ಹಾಕಬಹುದು, ಹುರಿ ಆರಿಸುವುದಕ್ಕೆ ಬೆರಳಲ್ಲಿ ಬುದ್ಧಿ ಬೇಕು. ಮಂಡಿ ಮೊಹಲ್ಲಾದ ಸವರಿಮುತ್ತುವಿಗೆ ಅದಿತ್ತು. ಕೆರೆಯ ಪುಡಿ ಮೀನಿಗೆ ಹತ್ತಿ ಹುರಿ ಸಾಕು, ಬಾಳೆಮೀನಿಗೆ ಸೆಣಬು, ಕಾವೇರಿಯ ಬಿಳಿಮೀನಿಗೆ ಮಾತ್ರ ಅಂಟು ತೆಗೆಯದ ಹಸಿ ರೇಷ್ಮೆಯೇ ಆಗಬೇಕು ಎನ್ನುತ್ತಿದ್ದ. ಒಂಬತ್ತು ಎಳೆ ಸೇರಿಸಿ ಅವನು ಈ ತುದಿಯಲ್ಲಿ ಹೊಸೆದರೆ, ಗಲ್ಲಿಯ ಆ ತುದಿಯಲ್ಲಿ ಹೆಂಡತಿ ಜ್ಞಾನಮ್ಮ ಬಿಗಿಹಿಡಿದು ನಿಲ್ಲುತ್ತಿದ್ದಳು. ಆಮೇಲೆ ತೂಬರೆ ಕಾಯಿಯ ಒಗರು ರಸದಲ್ಲಿ ಅದ್ದಿ ಒಣಗಿಸಿದರೆ ಹುರಿ ಕಪ್ಪಗೆ, ಒರಟಾಗಿ, ನೋಡಲು ಗೋಣಿದಾರದ ಹಾಗೆ ಆಗುತ್ತಿತ್ತು. ಆದರೆ ಆಳುದ್ದದ ಮೀನು ಜಗ್ಗಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಇಂಥವನಿಗೆ ಊರು ಇಟ್ಟ ಹೆಸರು 'ಹತ್ತಿ ಸವರಿ'! ಇಡಿಸಿದವನು ಜೋಸೆಫ್‌ರಾಜ್, ಕಾಫಿತೋಟದ ಒಬ್ಬ ದೊರೆಯ ಬಟ್ಲರ್. ದೊರೆ ಮೀನು ಹಿಡಿಯಲು ಹೊರಟರೆ ಸರಂಜಾಮೆಲ್ಲ ಇವನದೇ ಜವಾಬ್ದಾರಿ. ಮಹಾರಾಯ ಒಂದು ಸಲ ಸವರಿಮುತ್ತು ಹೊಸೆದುಕೊಟ್ಟ ಹುರಿಯನ್ನು ಒದ್ದೆಯಾಗಿದ್ದಾಗಲೇ, ಒಣಗಿಸದೆ ಪೆಟ್ಟಿಗೆಯಲ್ಲಿಟ್ಟು ಮಳೆಗಾಲವಿಡೀ ಮರೆತ. ರೇಷ್ಮೆ ಮುಗ್ಗಿ ಹೋಯಿತು. ಮುಂದಿನ ಸಲ ದೊರೆಯ ಕೈಯಲ್ಲೇ ಅದು ಪಟ್ಟನೆ ಕಿತ್ತುಹೋಗಿ, ದೊಡ್ಡ ಮೀನು ತಪ್ಪಿಸಿಕೊಂಡಿತು. ತನ್ನ ತಲೆ ಉಳಿಸಿಕೊಳ್ಳಲು ಜೋಸೆಫ್‌ರಾಜ್ ಹೇಳಿದ್ದೇನು? "ಹುರಿಯೋನು ರೇಷ್ಮೆಗೆ ಹತ್ತಿ ಬೆರೆಸವ್ನೆ. ನನ್ನ ಬೆರಳಿಗೆ ಗೊತ್ತಾಗುತ್ತೆ!" ದೊರೆಗೆ ಹೇಳಿದ್ದು ಸಾಲದೆ, ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಹತ್ತು ಜನರ ಮುಂದೆಯೂ ಡಂಗುರ ಹೊಡೆದ.

ಸವರಿಮುತ್ತು ಬಾಯಿಲ್ಲದ ಮನುಷ್ಯ. "ನಾನು ಬೆರೆಸಿಲ್ಲ" ಎಂದು ಒಂದೇ ಸಲ ಹೇಳಿದ. ಜನ ನಕ್ಕರು. ಬೀದಿಯ ಮಕ್ಕಳೂ ಹಾಗೆಯೇ ಕರೆಯತೊಡಗಿದವು. ಮೂರು ವರ್ಷ ಆ ಹೆಸರು ಹೊತ್ತು ತಿರುಗಿ, ಇನ್‌ಫ್ಲುಯೆಂಜಾ ಬಂದ ವರ್ಷ ಕಣ್ಣು ಮುಚ್ಚಿದ. ಹೆಣ ಹೋಗುವಾಗ ದಾರಿಯಲ್ಲಿ ಯಾರೋ "ಯಾರು ಹೋಗಿದ್ದು?" ಎಂದರೆ ಇನ್ಯಾರೋ "ಹತ್ತಿ ಸವರಿ" ಎಂದರು. ಜ್ಞಾನಮ್ಮನ ಅಳು ಅಲ್ಲಿಗೇ ನಿಂತಿತು. ಆ ಹೆಸರನ್ನು ಇಡಿಸಿದವನ ಬಾಯಿಂದಲೇ ಅಳಿಸುತ್ತೇನೆ, ಇಲ್ಲದಿದ್ದರೆ ನಾನು ಸವರಿಮುತ್ತುವಿನ ಹೆಂಡತಿಯೇ ಅಲ್ಲ ಎಂದು ಮಣ್ಣು ಹಾಕುವಾಗಲೇ ಅಂದುಕೊಂಡಳು. ಹುರಿಯ ಆ ತುದಿಯನ್ನು ಬೇವಿನ ಮರಕ್ಕೆ ಕಟ್ಟಿ ಒಬ್ಬಳೇ ಹೊಸೆಯತೊಡಗಿದಳು.

ನಾಲ್ಕು ವರ್ಷ ಕಾದದ್ದಕ್ಕೆ ಬೇಟೆ ತಾನಾಗಿ ಬಂತು. ದೊರೆಯ ಸೀಮೆ ಹುರಿ ಕೈಕೊಟ್ಟಿತ್ತು, ಇನ್ನೆರಡು ದಿನದಲ್ಲಿ ಹೊಳೆಗೆ ಹೊರಡಬೇಕಿತ್ತು. ಭಾನುವಾರ ಬೆಳಿಗ್ಗೆ ಜೋಸೆಫ್‌ರಾಜ್ ಚರ್ಚಿನಿಂದ ನೇರ ಅವಳ ಜಗುಲಿಗೆ ಬಂದು, "ಒಳ್ಳೇ ರೇಷ್ಮೆ ಹುರಿ ಬೇಕು ಕಣಮ್ಮ. ಹಳೇದೆಲ್ಲ ಮರ್ತುಬುಡು" ಎಂದ.

ಮರೆಯಬೇಕಂತೆ! ಸಿಟ್ಟನ್ನು ಮುಖದಲ್ಲಿ ತೋರಿಸದೆ ಅವಳು ಒಳಗಿನಿಂದ ಎರಡು ಸುರುಳಿ ತಂದಿಟ್ಟಳು. ಒಂದು ಕಪ್ಪು, ಒರಟು. ಇನ್ನೊಂದು ನುಣುಪಾಗಿ ಹಾಲಿನ ಕೆನೆಯಂತೆ ಹೊಳೆಯುತ್ತಿತ್ತು. ಪೂಜಾಪೀಠದ ಬಟ್ಟೆಗೆ ಲೇಸು ಹೆಣೆಯಲು ಕನ್ಯಾಸ್ತ್ರೀಯರು ಹೆಂಗಸರಿಗೆ ಕೊಡುವ ಹೊಳಪಿನ ಹತ್ತಿ ನೂಲನ್ನು ಹನ್ನೆರಡು ಎಳೆ ಸೇರಿಸಿ ಹೊಸೆದದ್ದು ಅದು. ಪಕ್ಕದ ಮನೆಯ ಮಾರ್ಗರೇಟ್ ನೋಡಿದೊಡನೆ ಗುರುತು ಹಿಡಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇದ್ರಲ್ಲಿ ಒಂದು ರೇಷ್ಮೆ, ಒಂದು ಹತ್ತಿ," ಎಂದಳು ಜ್ಞಾನಮ್ಮ, ದಾರಿಯಲ್ಲಿದ್ದವರಿಗೂ ಕೇಳುವಂತೆ. "ಯಾವ್ದು ಯಾವ್ದು ಅಂತ ನಾನ್ಯಾಕೆ ಹೇಳ್ಲಿ? ಹತ್ತಿ ಸವರಿ ಹೆಂಡ್ತಿ ಮಾತು ಯಾರು ನಂಬ್ತಾರೆ? ನಿಮ್ಮ ಬೆರಳಿಗೇ ಗೊತ್ತಾಗುತ್ತಲ್ಲ, ಆರಿಸ್ಕೊಳ್ಳಿ."

ಜನ ಸೇರಿದರು. ಜೋಸೆಫ್‌ರಾಜ್ ಕಪ್ಪು ಸುರುಳಿ ಮುಟ್ಟಿ ಮುಖ ಸಿಂಡರಿಸಿದ. ಹೊಳೆಯುವುದನ್ನು ಎತ್ತಿ, "ರೇಷ್ಮೆ ಅಂದ್ರೆ ಇದು ಕಣ್ರೀ" ಎಂದ.

"ಇನ್ನೊಂದ್ಸಲ ನೋಡಿ," ಎಂದಳು. ಬಾಯಲ್ಲಿ ಹಾಗೆಂದರೂ ಮನಸ್ಸಿನಲ್ಲಿ, ಇವನ ಕಣ್ಣು ತೆರೆಸಬೇಡಪ್ಪ ಎಂದು ಸಂತ ಅಂತೋಣಿಯಾರಿಗೆ ಮೊರೆಯಿಡುತ್ತಿದ್ದಳು. ಆ ಪ್ರಾರ್ಥನೆಯನ್ನು ಪಾದ್ರಿಗಳ ಹತ್ತಿರ ಪಾಪನಿವೇದನೆಯಲ್ಲೂ ಹೇಳಲಿಲ್ಲ ಅವಳು.

"ನನಗೇ ಹೇಳಿಕೊಡ್ತೀಯಾ?" ಎಂದು ಅವನು ಸುರುಳಿ ಬಗಲಿಗೆ ಸೇರಿಸಿಕೊಂಡು ಹೊರಟ.

ಮುಂದಿನ ಭಾನುವಾರ ಚರ್ಚಿನ ಬಾಗಿಲಲ್ಲೇ ಅವಳನ್ನು ತಡೆದ. ಬಿಳಿಮೀನು ಮೊದಲ ಓಟದಲ್ಲೇ ಹುರಿ ಕತ್ತರಿಸಿತ್ತು, ದೊರೆ ಅವನನ್ನು ಕೆಲಸದಿಂದ ಕಿತ್ತುಹಾಕಿದ್ದ. "ಹತ್ತಿ ಕೊಟ್ಟು ಮೋಸ ಮಾಡುದ್ಲು ಇವ್ಳು!" ಎಂದು ಬಾಯಿ ಬಾಯಿ ಬಡಿದುಕೊಂಡ.

"ಹೌದು, ಹತ್ತೀನೇ. ಆರಿಸಿದ್ದು ಯಾರು?"

ಮಾರ್ಗರೇಟ್ ತಡೆಯಲಾರದೆ ಕಿಸಕ್ಕನೆ ನಕ್ಕಳು. "ಅಯ್ಯೋ ಜೋಸೆಫಣ್ಣ, ಅದು ಲೇಸು ಹೆಣೆಯೋ ನೂಲು! ಲಂಗ ಹಾಕೋ ಹುಡುಗೀರಿಗೂ ಗೊತ್ತು." ಗುಂಪೆಲ್ಲ ಗೊಳ್ಳೆಂದಿತು. ಚರ್ಚಿನ ಉಪದೇಶಿ ರಾಯಪ್ಪನವರು ಮುಂದೆ ಬಂದು, "ಹಂಗಾದ್ರೆ ಆವತ್ತು ನಿನ್ನ ಬೆರಳಿಗೆ ಗೊತ್ತಾಗಿದ್ದು ಏನಯ್ಯ?" ಎಂದು ಕೇಳಿದರು.

ಜೋಸೆಫ್‌ರಾಜ್ ಜಾರಿಕೊಳ್ಳಲು ನೋಡಿದ. "ಹೇಳಿ, ಎಲ್ಲರಿಗೂ ಕೇಳೋ ಹಂಗೆ," ಎಂದಳು ಜ್ಞಾನಮ್ಮ. ಹೇಳುವವರೆಗೆ ಅವಳು ದಾರಿ ಬಿಡಲಿಲ್ಲ.

"ಒದ್ದೆ ಹುರಿ ಪೆಟ್ಟಿಗೇಲಿಟ್ಟು ಮರ್ತುಬುಟ್ಟಿದ್ದೆ. ಸವರಿಮುತ್ತು ಏನೂ ಬೆರೆಸಿರ್ಲಿಲ್ಲ."

ಅವಳು ಏಳು ವರ್ಷದಿಂದ ಕಾದಿದ್ದ ಮಾತು ಅದು. ಇನ್ನೇನು ಕಣ್ಣೀರು ಬರಬೇಕು, ಅಷ್ಟರಲ್ಲಿ ರಾಯಪ್ಪನವರು ಅವಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಚಿನ್ನದಂಥ ಮನುಷ್ಯ ಕಣಮ್ಮ ಸವರಿಮುತ್ತು. ನಮಗೆಲ್ಲ ಆವತ್ತೇ ಗೊತ್ತಿತ್ತು" ಎಂದರು. ಸುತ್ತಲಿದ್ದವರು ಹೌದು ಹೌದೆಂದು ತಲೆಯಾಡಿಸಿದರು.

ಜ್ಞಾನಮ್ಮ ಜೋಸೆಫ್‌ರಾಜನನ್ನು ಬಿಟ್ಟು ಅವರ ಕಡೆ ತಿರುಗಿದಳು.

"ಗೊತ್ತಿತ್ತಾ? ಇವ್ನು ಹೊಟ್ಟೆಪಾಡಿಗೆ ಸುಳ್ಳು ಹೇಳ್ದ. ನೀವು ಯಾತಕ್ಕೆ ನಕ್ರಿ?"

ಅವಳು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿ, ಗುರುತಿಟ್ಟುಕೊಂಡು ಮನೆಗೆ ಹೋದಳು.