ಹಿಟ್ಟು ಒರೆಸುವ ಬಟ್ಟೆ

ಆಲಮೇಲದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಸಿಂದಗಿಯಿಂದ ದಿನಾ ಬಸ್ಸು. ಕೂತಲ್ಲಿ ಕೂರಲಾರದ ಜೀವ ನನ್ನದು, ಬಸ್ಸಿನಲ್ಲೂ ಪಾಠದ್ದೇ ಚಡಪಡಿಕೆ. ಮೊದಲ ವರ್ಷ ಎಂಟನೇ ತರಗತಿಯಲ್ಲಿ ಪಾಠ ಮುಗಿದಾಗಲೆಲ್ಲ "ತಿಳೀತೇನು?" ಎಂದು ಕೇಳುತ್ತಿದ್ದೆ. ಇಡೀ ತರಗತಿ ಒಂದೇ ದನಿಯಲ್ಲಿ "ತಿಳೀತ್ರಿ" ಅನ್ನುತ್ತಿತ್ತು. ನಮ್ಮ ಕಡೆ ದೊಡ್ಡವರು ಕೇಳಿದಾಗ ಇಲ್ಲ ಅನ್ನುವುದು ಮರ್ಯಾದೆಯಲ್ಲ. ನಾನೂ ಹಾಗೆ ಅಂದು ಅಂದೇ ಹತ್ತನೇ ತರಗತಿ ದಾಟಿದವಳು. ಪರೀಕ್ಷೆಯ ಪೇಪರು ತಿದ್ದಲು ಕೂತಾಗ ಆ "ತಿಳೀತ್ರಿ"ಯ ಬಣ್ಣ ಬಯಲಾಯಿತು.

ಈ ವರ್ಷ ಹಠ ಹಿಡಿದು ದಾರಿ ಬದಲಿಸಿದೆ. ಪ್ರಶ್ನೋತ್ತರ ಬರೆಸುವುದನ್ನು ಬಿಟ್ಟೆ. ಮಕ್ಕಳಿಗೆ ಅರ್ಥವಾಗುವಷ್ಟೇ ಇಂಗ್ಲಿಷ್, ಮಾತಿನ ಜೊತೆಗೇ ಕೆಲಸ. ಮನೆಯಿಂದ ಡಬ್ಬಿಯಲ್ಲಿ ಜೋಳದ ಹಿಟ್ಟು ಒಯ್ದು, ಮೇಜಿನ ಮೇಲೆ ರೊಟ್ಟಿ ಬಡಿಯುತ್ತ ಪ್ರತಿಯೊಂದನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ: ನಾದು, ಬಡಿ, ತಿರುವು, ಚೆಲ್ಲಿದ್ದನ್ನು ಒರೆಸು. ಯಾರೂ "ತಿಳೀತ್ರಿ" ಅನ್ನಬಾರದು, ತಿಳಿದರೆ ಮಾಡಿ ತೋರಿಸಬೇಕು ಎಂಬುದು ನನ್ನ ಕಾನೂನು. ಮಾತು ತಾನಾಗಿ ಬರುವ ತನಕ ಯಾರನ್ನೂ ಒತ್ತಾಯಿಸುತ್ತಿರಲಿಲ್ಲ. ಖಾಲಿ ನೋಟ್‌ಬುಕ್ಕುಗಳನ್ನು ಕಂಡು ಹೆಡ್ ಮಾಸ್ತರರು ಕಂಗಾಲಾದರು. ತಪಾಸಣೆಗೆ ಬರುವ ಸಾಹೇಬರು ಒಪ್ಪಿದರೆ ನಿಮ್ಮ ದಾರಿ ನಿಮಗೆ, ಇಲ್ಲವಾದರೆ ಮತ್ತೆ ಪ್ರಶ್ನೋತ್ತರ ಎಂದು ಕಡ್ಡಿ ಮುರಿದಂತೆ ಹೇಳಿದರು.

ಸಾಹೇಬರು ಬಂದ ದಿನ ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವರು ನಾಲ್ಕು ನೋಟ್‌ಬುಕ್ ತಿರುವಿ ಹಾಕಿ, ನಿಮಗೆ ಇಂಗ್ಲಿಷ್ ತಿಳಿಯುತ್ತದೆಯೇ ಎಂದು ಮಕ್ಕಳನ್ನು ಇಂಗ್ಲಿಷಿನಲ್ಲೇ ಕೇಳಿದರು. ತರಗತಿ ಗಪ್ ಚುಪ್. ನನ್ನ ಕಾನೂನನ್ನು ಮಕ್ಕಳು ಅಷ್ಟೊಂದು ನಿಷ್ಠೆಯಿಂದ ಪಾಲಿಸುತ್ತಾರೆಂದು ಎಣಿಸಿರಲಿಲ್ಲ. ಇವತ್ತೊಂದು ದಿನ ಸುಳ್ಳಾದರೂ ಹೌದು ಅನ್ನಬಾರದೇ ಎಂದು ಅವರ ಮೇಲೆಯೇ ಸಿಟ್ಟು ಬಂತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಷರಾ ಬರೆಯಲೆಂದು ಸಾಹೇಬರು ತಪಾಸಣೆಯ ಪುಸ್ತಕವನ್ನು ಮೇಜಿನ ಮೇಲೆ ಇಡಹೋಗಿ ಕೈ ಹಿಂದೆಗೆದರು. ನಿನ್ನೆಯ ಹಿಟ್ಟು ಅಲ್ಲೇ ಅಂಟಿಕೊಂಡಿತ್ತು. "ದಿಸ್ ಟೇಬಲ್ ಈಸ್ ಡರ್ಟಿ. ವೈಪ್ ಇಟ್," ಎಂದು ಯಾರ ಮುಖವನ್ನೂ ನೋಡದೆ ಗೊಣಗಿದರು. ಕೊನೆಯ ಬೆಂಚಿನ ಹುಡುಗಿ, ಜೂನ್‌ನಿಂದ ನನ್ನೆದುರು ತುಟಿ ಬಿಚ್ಚದವಳು, ಎದ್ದು ಬಂದು ಕಿಟಕಿಯಲ್ಲಿದ್ದ ಬಟ್ಟೆ ತೆಗೆದುಕೊಂಡು ಮೇಜನ್ನು ಚೊಕ್ಕ ಮಾಡಿ ಹೋದಳು. ನನ್ನ ಕಣ್ಣು ತುಂಬಿತು. ಸಾಹೇಬರು ಆಕೆ ಒರೆಸಿದ ಜಾಗದಲ್ಲೇ ಪುಸ್ತಕ ಇಟ್ಟು ಬರೆದರು: ಮಕ್ಕಳಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ, ಪ್ರಶ್ನೋತ್ತರ ಬರೆಸತಕ್ಕದ್ದು.

ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತ ನನ್ನ ಕಡೆ ತಿರುಗಿದರು.

"ತಿಳೀತೇನ್ರಿ ಟೀಚರ್?"

ಈಗಷ್ಟೇ ನೀವು ಹೇಳಿದ ಕೆಲಸವನ್ನು ಯಾರು ಮಾಡಿದರು ನೋಡಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು.

"ತಿಳೀತ್ರಿ ಸರ," ಅಂದೆ.

ಕೊನೆಯ ಬೆಂಚಿನಿಂದ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮರುದಿನ ಹಿಟ್ಟಿನ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿದೆ.