ಮಲೋಯಾ ಘಾಟಿಯಲ್ಲಿ ಮಾವ

ಮೂವತ್ತನಾಲ್ಕು ವರ್ಷ ಅಂಚೆಯ ಹಳದಿ ಬಸ್ಸು ಓಡಿಸಿದ ಗೌಡೆಂಟ್ಸ್, ಮಲೋಯಾ ಘಾಟಿಯಲ್ಲಿ ಇನ್ನೊಬ್ಬರ ಪಕ್ಕದ ಸೀಟಿನಲ್ಲಿ ಕೂತದ್ದು ಅದೇ ಮೊದಲು.

ಆ ಬಸ್ಸಿನಲ್ಲಿ ಅವರು ಸಾಗಿಸದ ವಸ್ತುವಿರಲಿಲ್ಲ. ಕಾಗದ, ಬ್ರೆಡ್ಡು, ಮದುವಣಗಿತ್ತಿಯ ಉಡುಪು, ಒಮ್ಮೆ ಕಾಲುಳುಕಿದ ಕರು. ಮಗ ಫ್ಲುರಿನ್ ಹುಟ್ಟಿದಾಗ ಹಿಮ ಕುಸಿದು ದಾರಿ ಮುಚ್ಚಿತ್ತು. ಇವರು ಪ್ರಯಾಣಿಕರ ಜೊತೆ ಮೂರು ದಿನ ಇಸ್ಪೀಟು ಆಡುತ್ತ ಕೂತಿದ್ದರಂತೆ. ಗೆದ್ದದ್ದೂ ಇವರೇ! ಹೋದ ವರ್ಷ ಡಾಕ್ಟರು ಎಡಗಣ್ಣು ನೋಡಿ ತಲೆಯಾಡಿಸಿದ ಮೇಲೆ ತಾವೇ ಹೋಗಿ ಲೈಸೆನ್ಸು ಒಪ್ಪಿಸಿ ಬಂದರು.

ಇವತ್ತು ಗಡಿಯಾಚೆ, ಇಟಲಿಯ ಕಿಯಾವೆನ್ನದಲ್ಲಿ, ಅವರ ಅಕ್ಕ ಓರ್ಸೊಲಾಗೆ ತೊಂಬತ್ತು ತುಂಬುತ್ತದೆ. ತಮ್ಮನ ಐದು ತಿಂಗಳ ಮೊಮ್ಮಗುವನ್ನು ಆಕೆ ಇನ್ನೂ ನೋಡಿಲ್ಲ. ಫ್ಲುರಿನ್ ಸ್ಕೀಯಿಂಗಿನಲ್ಲಿ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಹಾಗಾಗಿ ಸ್ಟೀರಿಂಗು ಸೊಸೆ ರೆಗುಲಾಳ ಪಾಲಿಗೆ ಬಂತು. ಅವಳೋ ಜ್ಯೂರಿಚಿನ ಟ್ರಾಮುಗಳಲ್ಲಿ ಬೆಳೆದವಳು. ಘಾಟಿಯ ತಲೆಯಲ್ಲೇ ಕಾರು ನಿಲ್ಲಿಸಿಬಿಟ್ಟಳು.

"ನನ್ನ ಕೈಲಾಗಲ್ಲ ಮಾವ. ಹಿಂದೆ ಮಗು ಬೇರೆ ಇದೆ. ವಾಪಸ್ ಹೋಗೋಣ."

"ಅಕ್ಕ ಬೆಳಿಗ್ಗೆ ಆರಕ್ಕೇ ಒಲೆ ಹಚ್ಚಿರ್ತಾಳೆ. ನೂರು ತುಂಬಲಿ, ಆಮೇಲೆ ಹೋಗೋಣ ಅಂತೀಯಾ?"

ರೆಗುಲಾ ಉಸಿರು ಬಿಗಿಹಿಡಿದು ಇಳಿಸತೊಡಗಿದಳು.

"ಬ್ರೇಕ್ ಬಿಡು. ಎರಡನೇ ಗೇರಿಗೆ ಹಾಕು. ಬ್ರೇಕ್ ಮೇಲೆ ನಿಂತ್ಕೊಂಡು ಇಳಿಯೋರು ಪ್ರವಾಸಿಗರು."

"ನಾನೂ ಪ್ರವಾಸಿನೇ ಮಾವ!"

ಹಿಂದಿನಿಂದ ಫ್ಲುರಿನ್ ಕಿಸಕ್ಕನೆ ನಕ್ಕ.

"ನಗಬೇಡ, ಮಗೂಗೆ ಟೋಪಿ ಹಾಕು!" ರೆಗುಲಾ ಗದರಿದಳು.

ಮೂರನೆಯ ತಿರುವಿನಲ್ಲಿ ಕೆಳಗಿನಿಂದ ಮೂರು ಸ್ವರದ ಹಾರನ್ ಕೇಳಿತು, ಅಂಚೆ ಬಸ್ಸು. ರೆಗುಲಾ ಗಾಬರಿಯಾಗಿ ತಿರುವಿನ ನಟ್ಟನಡುವೆ ನಿಲ್ಲಿಸಿದಳು. ಬಸ್ಸಿಗೆ ಇಡೀ ತಿರುವೇ ಬೇಕು. ಕಾರು ಹಿಂದಕ್ಕೆ ಸರಿಯಲೇಬೇಕು. ಈ ರಸ್ತೆಯಲ್ಲಿ ಬಸ್ಸು ಓಡಿಸುವವರು ಹೇಳಿದ್ದೇ ಕಾನೂನು. ಮೂವತ್ತನಾಲ್ಕು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಮಾವ ಬಾಗಿಲು ತೆಗೆದು ಹಾರಿ, ರಸ್ತೆ ಮಧ್ಯೆ ಎರಡೂ ಕೈ ಎತ್ತಿ ನಿಂತರು.

ಬಸ್ಸಿನ ಕಿಟಕಿಯಿಂದ ಒಂದು ಹೆಣ್ಣುಮುಖ ಹೊರಬಂತು. ಇವರಿಂದಲೇ ಕೆಲಸ ಕಲಿತ ಕಾತ್ರಿನಾ.

"ಗೌಡೆಂಟ್ಸಣ್ಣ, ಅಡ್ಡ ನಿಂತ್ರೆ ಹಿಮದ ಜೊತೆ ನಿಮ್ಮನ್ನೂ ಗುಡಿಸ್ಕೊಂಡು ಹೋಗ್ತೀನಿ! ಈಗ ಹೇಳೋಳು ನಾನು. ಬದಿಗೆ ಬನ್ನಿ!"

ಮಾವ ಹಿಮದ ಗೋಡೆಗೆ ಬೆನ್ನು ಆನಿಸಿ ನಿಂತು, ಸೊಸೆಯತ್ತ ಕೈ ಬೀಸಿದರು.

"ರೆಗುಲಾ, ಪ್ರಪಾತ ನೋಡ್ಬೇಡ, ನನ್ನ ಕೈ ನೋಡು. ನಿಧಾನ... ಇನ್ನೂ... ಎಡಕ್ಕೆ ಒಂಚೂರು..."

ಚಕ್ರ ಒಮ್ಮೆ ಜಾರಿತು. ರೆಗುಲಾ ನೆನಪಿದ್ದ ಸಂತರನ್ನೆಲ್ಲ ಕರೆದಳು. ಆದರೆ ಮಾವನ ಕೈಯಿಂದ ಕಣ್ಣು ಕೀಳಲಿಲ್ಲ. ಕಾರು ಒಂದೊಂದೇ ಗೇಣು ಹಿಂದಕ್ಕೆ ಏರಿತು. ಬಸ್ಸು ಕನ್ನಡಿ ಸವರುವಷ್ಟು ಹತ್ತಿರದಿಂದ ದಾಟಿಹೋಯಿತು.

ಮಾವ ಕೋಟಿನ ಹಿಮ ಕೊಡವಿ ಒಳಗೆ ಕೂತರು. "ನೋಡಿದ್ಯಾ ಅವಳ ಕೊಬ್ಬು!" ಎಂದರು. ಮುಖವೆಲ್ಲ ಹೆಮ್ಮೆ.

ಆಮೇಲೆ ಎರಡು ತಿರುವು ಕಳೆಯಿತು, ನಾಲ್ಕು ಕಳೆಯಿತು, ಮಾವನಿಂದ ಒಂದು ಮಾತಿಲ್ಲ. ತಿರುವುಗಳಿಗಿಂತ ಆ ಮೌನವೇ ರೆಗುಲಾಳನ್ನು ಹೆದರಿಸಿತು. ಕೆಳಗಿನ ಊರು ಬಂದದ್ದೇ ಕಾರು ಬದಿಗೆ ಹಾಕಿದಳು. ಮಾವನ ಕಣ್ಣು ಮುಚ್ಚಿತ್ತು, ಬಾಯಿ ಅರೆ ತೆರೆದಿತ್ತು. ಮಲಗಿದ ಮಗುವಿನ ಉಸಿರು ನೋಡುವ ಹಾಗೆಯೇ ಅವರ ಮೂಗಿನ ಕೆಳಗೆ ಬೆರಳು ಹಿಡಿದಳು.

ಒಂದು ಕಣ್ಣು ತೆರೆಯಿತು.

"ಬದುಕಿದ್ದೀನಿ ಮಾರಾಯ್ತಿ. ಈ ರಸ್ತೇಲಿ ಒಂದು ನಿದ್ದೆ ಹೊಡೀಬೇಕು ಅಂತ ಎಷ್ಟು ವರ್ಷದಿಂದ ಆಸೆ ಗೊತ್ತಾ? ಓಡಿಸು."

ಇಟಲಿಯ ಗಡಿ ದಾಟುವಾಗಲೂ ಮಾವ ಗೊರಕೆ ಹೊಡೆಯುತ್ತಿದ್ದರು. ಹೀಗೆ ವಾಲಿಕೊಂಡರೆ ಅವರ ಕತ್ತು ಉಳುಕೀತೆಂದು ರೆಗುಲಾ ಚಿಂತಿಸತೊಡಗಿದಳು.