ಶಾಂತಕ್ಕನ ಗಾಡಿಯ ಚಳಿಗಾಲದ ನಿದ್ದೆ

ಇವತ್ತು ಬೆಳಿಗ್ಗೆ ವ್ಯಾಸಲೀನ್ ಡಬ್ಬಿ ಹಿಡಿದು ಗ್ಯಾರೇಜಿನ ಬಾಗಿಲು ಎತ್ತಿದೆ. ಬ್ಯಾಟರಿಯ ತುದಿಗಳನ್ನು ಸೋಡಾ ನೀರಿನಲ್ಲಿ ಉಜ್ಜಿ, ಒರೆಸಿ, ಮೇಲೆ ವ್ಯಾಸಲೀನ್ ಬಳಿಯುವುದು ನನ್ನ ನವೆಂಬರಿನ ಕೆಲಸ. ಲಂಡನ್ನಿನ ಅಂಚಿನ ಸಟನ್ನಿನಲ್ಲಿ ಪಿಂಚಣಿ ತಿನ್ನುತ್ತಾ ಕೂತ ಮೈಸೂರಿನವನ ಮನೆಯಲ್ಲಿ ಗಾಲ್ಫ್ ಗಾಡಿಗೇನು ಕೆಲಸ ಎಂದು ನೀವೂ ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ, ಅದೂ ಒಂದು ಹುಬ್ಬು ಮೇಲೇರಿಸಿ. ಆ ಹುಬ್ಬು ಕಂಡರೆ ನನಗೆ ಮೈ ಉರಿಯುತ್ತದೆ.

ಗಾಡಿ ನನ್ನದಲ್ಲ, ಶಾಂತಕ್ಕನದು. ಧಾರವಾಡದವರು, ಇಲ್ಲಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅರಿವಳಿಕೆ ಕೊಟ್ಟು ನಿವೃತ್ತರಾದ ಡಾಕ್ಟರು. ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದಾರೆ. ಗಂಡ ಹೆಂಡತಿ ಇಬ್ಬರೂ ಗಾಲ್ಫ್ ಆಡುತ್ತಿದ್ದರು. ಆತ ಹೋದ ಮೇಲೆ ಶಾಂತಕ್ಕನ ಸೊಂಟದ ಕೀಲೂ ಹೋಯಿತು. ಹೊಸ ಕೀಲು ಹಾಕಿಸಿಕೊಂಡು, ಆ ಹಳೆಯ ಎಲೆಕ್ಟ್ರಿಕ್ ಗಾಡಿ ಕೊಂಡು, ಗಂಡನ ಜೊತೆ ಪ್ರತಿ ಏಪ್ರಿಲ್‌ನಲ್ಲಿ ಆಡುತ್ತಿದ್ದ ಪಂದ್ಯವನ್ನು ಈ ಸಲ ಒಬ್ಬಳೇ ಆಡಿಯೇ ತೀರುತ್ತೇನೆ ಎಂದು ಹಟ ಹಿಡಿದರು. ಆಸ್ಪತ್ರೆಯ ವಾರ್ಡಿನಲ್ಲಿ ವಾಕರ್ ಹಿಡಿದು ನಡೆಯುವಾಗಲೂ ಆ ಪಂದ್ಯದ್ದೇ ಮಾತು.

ಹೋದ ವರ್ಷ ಗಾಲ್ಫ್ ಕ್ಲಬ್ಬಿನ ಮಹಾಶಯರು ಮಾಡಿದ್ದೇನು ಗೊತ್ತೇ? ಚಳಿಗಾಲದಲ್ಲಿ ಹುಲ್ಲು ಕೆಸರಾಗುತ್ತದೆ, ಗಾಡಿ ಬೇಡ. ಶೆಡ್ಡಿನಲ್ಲಿ ಕರೆಂಟಿಲ್ಲ, ಮನೆಗೆ ಒಯ್ಯಿರಿ ಎಂದರು. ಮೊದಲ ಮಹಡಿಯ ಫ್ಲ್ಯಾಟಿಗೆ ಲಿಫ್ಟಿನಲ್ಲಿ ಗಾಡಿ ಒಯ್ಯಬೇಕೇ? ಆ ಕಾಗದ ಓದಿ ನಾನೇ ಕೂಗಾಡಿದೆ. "ನಮ್ಮ ಗ್ಯಾರೇಜಿಗೆ ತನ್ನಿ ಶಾಂತಕ್ಕ. ನಲವತ್ತು ವರ್ಷ ರೈಲ್ವೆ ಸಿಗ್ನಲ್ಲಿನ ಕರೆಂಟು ನೋಡಿಕೊಂಡವನಿಗೆ ಇದೊಂದು ಗಾಡಿ ಹೆಚ್ಚಾ?" ಎಂದೆ.

ಅವರು ಬಂದು ಎಲ್ಲ ತೋರಿಸಿದರು. ಸೀಟು ಎತ್ತಿದರೆ ಆರು ಬ್ಯಾಟರಿ. ತಿಂಗಳಿಗೊಮ್ಮೆ ಬಟ್ಟಿ ಇಳಿಸಿದ ನೀರು ಹಾಕಬೇಕು, ನಲ್ಲಿಯದಲ್ಲ. ಚಕ್ರದ ಗಾಳಿ ನೋಡಬೇಕು. ಚಾರ್ಜರನ್ನು ಚಳಿಗಾಲವಿಡೀ ಹಾಕಿಯೇ ಇಡಬೇಕು. ಎಷ್ಟು ಬೇಕೋ ಅಷ್ಟನ್ನು ಅದೇ ಎಳೆದುಕೊಳ್ಳುತ್ತದೆ. ಚಾರ್ಜ್ ಇಳಿದರೆ ಬ್ಯಾಟರಿಯೊಳಗಿನ ನೀರು ಹೆಪ್ಪುಗಟ್ಟಿ ಡಬ್ಬಿಯೇ ಸೀಳುತ್ತದೆ.

"ಮಲಗಸೂದು ಸುಲಭ ಅದ, ತಮ್ಮಾ," ಎಂದರು. "ಎಬ್ಬಸೂದಕ್ಕ ಡಾಕ್ಟರ್ ಬೇಕಾಗ್ತದ. ಪ್ಲಗ್ ಮಾತ್ರ ತೆಗೀಬ್ಯಾಡ."

ನನಗೆ ಹೇಳಬೇಕೇ? ಒಳಗೊಳಗೇ ಸಿಡುಕಿದೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಪ್ಪ ಊರಿಗೆ ಹೊರಟರೆ ಗ್ಯಾಸಿನಿಂದ ಹಿಡಿದು ರೇಡಿಯೋವರೆಗೆ ಎಲ್ಲ ಆರಿಸಿ, ಬೀಗ ಹಾಕಿ, ಮತ್ತೆ ಬೀಗ ತೆಗೆದು ಒಳಹೋಗಿ ನೋಡಿ ಬರುತ್ತಿದ್ದರು. ಬಸ್ಸು ಹತ್ತಿದ ಮೇಲೆ ಅಮ್ಮನನ್ನು ಕೇಳುತ್ತಿದ್ದುದು ಒಂದೇ ಮಾತು, "ಸ್ವಿಚ್ ಎಲ್ಲಾ ಆರ್ಸಿದ್ಯಾ?" ನನ್ನ ಬೆರಳುಗಳು ಆ ಮನೆಯಲ್ಲಿ ಬೆಳೆದವು. ಟೀ ಕುದಿಸಿದ ಕೆಟಲಿನ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸುತ್ತೇನೆ. ಇಲ್ಲೇ ಹುಟ್ಟಿದ ನನ್ನ ಮಗಳು ಅದನ್ನು ಕಾಯಿಲೆ ಎನ್ನುತ್ತಾಳೆ, ಇಂಗ್ಲಿಷಿನಲ್ಲಿ.

ಡಿಸೆಂಬರಿನಲ್ಲಿ ಮೈಸೂರಿನಲ್ಲಿ ತಂಗಿಯ ಮಗಳ ಮದುವೆಯಿತ್ತು. ಹೋದೆವು, ಬಂದೆವು. ಬಂದ ಮೇಲೆ ಗ್ಯಾರೇಜಿನಲ್ಲಿ ಹಲ್ಲು ಕಡಿಸುವ ಚಳಿ. ನೀರು ಹಾಕುವುದನ್ನು ನಾಳೆ ನಾಳೆ ಎಂದು ಮುಂದೂಡಿ, ಬಾಗಿಲಲ್ಲೇ ನಿಂತು ಇಣುಕುತ್ತಿದ್ದೆ. ಪ್ಲಗ್ಗು ಗೋಡೆಯಲ್ಲಿ ಭದ್ರವಾಗಿತ್ತು, ಗಾಡಿ ಹೊದಿಕೆಯಡಿ ತೆಪ್ಪಗಿತ್ತು. ಶಾಂತಕ್ಕ ಫೋನು ಮಾಡಿದಾಗಲೆಲ್ಲ "ಎಲ್ಲಾ ಸರಿ ಇದೆ" ಎಂದೆ.

ಏಪ್ರಿಲ್‌ನಲ್ಲಿ, ಪಂದ್ಯಕ್ಕೆ ನಾಲ್ಕು ದಿನ ಇರುವಾಗ, ಹೊದಿಕೆ ತೆಗೆದರೆ ಗಾಡಿ ಅಲುಗಲಿಲ್ಲ. ಸೀಟು ಎತ್ತಿದೆ. ಎರಡು ಡಬ್ಬಿ ಸೀಳಿದ್ದವು. ನನ್ನ ಸಿಟ್ಟು ನೆತ್ತಿಗೇರಿತು. ಬ್ಯಾಟರಿ ಮಾರಿದ ಅಂಗಡಿಯವನಿಗೆ ಫೋನು ಮಾಡಿ, ಮೋಸಗಾರ, ಒಂಟಿ ಹೆಂಗಸೆಂದು ಕಳಪೆ ಮಾಲು ತಲೆಗೆ ಕಟ್ಟಿದ್ದೀಯ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಮರುದಿನವೇ ಬಂದ. ಕೈ ನಡುಗುವ ಮುದುಕ. ಬ್ಯಾಟರಿ ನೋಡಿದ, ಚಾರ್ಜರ್ ನೋಡಿದ, ವಯರಿನ ಗುಂಟ ಗೋಡೆಯವರೆಗೆ ಹೋಗಿ ಒಂದು ಬೆರಳಿನಿಂದ ಸ್ವಿಚ್ಚು ಒತ್ತಿದ. ಚಾರ್ಜರಿನ ದೀಪ ಹತ್ತಿತು.

ಮೈಸೂರಿಗೆ ಹೊರಟ ದಿನ ಟ್ಯಾಕ್ಸಿ ಬಾಗಿಲಲ್ಲಿ ನಿಂತಿದ್ದಾಗ, ಹೆಂಡತಿ ಬೇಗ ಬನ್ನಿ ಎನ್ನುತ್ತಿದ್ದಾಗ, ಕೊನೆಯದಾಗಿ ಗ್ಯಾರೇಜಿಗೆ ಹೋಗಿ ಆರಿಸಿ ಬಂದವನು ನಾನು. ಮತ್ತೆ ಹಾಕಿರಲಿಲ್ಲ.

ಮುದುಕ ನನ್ನ ಮುಖ ನೋಡಿದ. ಹೊರಗೆ ಕೋಲೂರಿ ನಿಂತಿದ್ದ ಶಾಂತಕ್ಕನಿಗೆ, ಈ ವರ್ಷ ಚಳಿ ಜಾಸ್ತಿ ಮೇಡಂ, ಎಂದು ಹೇಳಿ ಹೋದ. ನಾನು ಬಾಯಿ ಬಿಡಲಿಲ್ಲ. ಹೊಸ ಬ್ಯಾಟರಿ ಬರಲು ಮೂರು ವಾರ. ಶಾಂತಕ್ಕ ಪಂದ್ಯದ ದಿನ ಕ್ಲಬ್ಬಿನ ಕಿಟಕಿಯ ಪಕ್ಕ ಕೂತು ಬೇರೆಯವರು ಆಡುವುದನ್ನು ನೋಡಿದರು. ಅವರಿಗೆ ಸ್ಯಾಂಡ್‌ವಿಚ್ ತಂದುಕೊಟ್ಟು ಪಕ್ಕದಲ್ಲಿ ಕೂತವನೂ ನಾನೇ. ನನ್ನಂಥ ಹೇಡಿ ಇರಲಿಕ್ಕಿಲ್ಲ.

ಮೇ ತಿಂಗಳಿನಲ್ಲಿ ತಡೆಯಲಾರದೆ ಅವರ ಮನೆಗೆ ಹೋಗಿ ಹೇಳಿದೆ. ಅವರು ಅವಲಕ್ಕಿ ಕಲಸುತ್ತಿದ್ದರು.

"ಗೊತ್ತಿತ್ತಪಾ," ಎಂದರು. "ನಿಮ್ಮನಿಯಾಗ ಚಹಾ ಕುಡೀಲಿಕ್ಕೆ ಹತ್ತಿ ಇಪ್ಪತ್ತು ವರ್ಷಾತು. ಕೆಟಲ್ ಆರಸೂದು ನೋಡಿಲ್ಲೇನು ನಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀ ಹೇಳ್ತೀಯೋ ಇಲ್ಲೋ ನೋಡೋಣಂತ. ಆ ಅಂಗಡಿಯವಂಗ ತಪ್ಪಾತಂತ ಫೋನ್ ಮಾಡೀಯೇನು?"

ಬೈದಿದ್ದರೆ ಸಹಿಸುತ್ತಿದ್ದೆ. ಅವರು ತಟ್ಟೆಯಲ್ಲಿ ಅವಲಕ್ಕಿ ಹಾಕಿ ಕೊಟ್ಟದ್ದು ನನಗೆ ವಿಪರೀತ ಸಿಟ್ಟು ತರಿಸಿತು. ಅಲ್ಲಿಂದಲೇ ಮುದುಕನಿಗೆ ಫೋನು ಮಾಡಿ ಕ್ಷಮೆ ಕೇಳಿದೆ.

ಈ ಚಳಿಗಾಲಕ್ಕೆಂದು ನಿನ್ನೆ ಗಾಡಿ ಮತ್ತೆ ನಮ್ಮ ಗ್ಯಾರೇಜಿಗೆ ಬಂತು. ಶಾಂತಕ್ಕ ಚಾರ್ಜರ್ ಹಾಕಿ, ಚೀಲದಿಂದ ಆಸ್ಪತ್ರೆಯ ಬಿಳಿ ಅಂಟುಪಟ್ಟಿ ತೆಗೆದು ಗೋಡೆಯ ಸ್ವಿಚ್ಚಿನ ಮೇಲೆ ಅಂಟಿಸಿ ಏನೋ ಬರೆದರು. ನಲವತ್ತು ವರ್ಷ ಕರೆಂಟಿನ ಕೆಲಸ ಮಾಡಿದವನ ಸ್ವಿಚ್ಚಿಗೆ ಬ್ಯಾಂಡೇಜು! ನಾನು ಮುಖ ಊದಿಸಿಕೊಂಡು ಓದಲೂ ಹೋಗಲಿಲ್ಲ.

ಇವತ್ತು ವ್ಯಾಸಲೀನ್ ಬಳಿದು ಮುಗಿಸಿ ಹೊರಟಾಗ ನನ್ನ ಕೈ ತಾನಾಗಿ ಗೋಡೆಗೆ ಹೋಯಿತು. ಬೆರಳಿಗೆ ಪಟ್ಟಿ ತಗುಲಿತು. ಡಾಕ್ಟರ ಸೊಟ್ಟ ಅಕ್ಷರ, ಆದರೂ ಓದಬಹುದಿತ್ತು: "ಪೇಷಂಟ್ ಮಲಗ್ಯದ, ಸತ್ತಿಲ್ಲ. ಏಪ್ರಿಲ್‌ನಾಗ ಪಂದ್ಯ ಅದ."

ಕೈ ಹಿಂದಕ್ಕೆ ತೆಗೆದೆ. ಗ್ಯಾರೇಜಿನ ದೀಪವನ್ನು ಮಾತ್ರ ಆರಿಸಿದೆ.